ಟೋಪಿ ಹಂತ

ಬೆಳಿಗ್ಗೆ ಎಂಟಕ್ಕೆ ಮೀನಿನ ಕೋಣೆಯ ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ಹದಿನಾಲ್ಕು ಗಂಟೆ ಹಗಲು, ಹತ್ತು ಗಂಟೆ ರಾತ್ರಿ. ಹೊರಗೆ ಬೆಂಗಳೂರಿನಲ್ಲಿ ಸೂರ್ಯ ಏನು ಮಾಡುತ್ತಿದ್ದಾನೆ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದಿನ ಸಂಜೆ ಗಂಡು-ಹೆಣ್ಣು ಮೀನುಗಳ ನಡುವೆ ಇಟ್ಟ ಪ್ಲಾಸ್ಟಿಕ್ ತಡೆಯನ್ನು ಎಳೆದು ತೆಗೆಯುವುದು ನನ್ನ ದಿನದ ಮೊದಲ ಕೆಲಸ. ಸ್ವಲ್ಪ ಹೊತ್ತಿಗೆ ಮೊಟ್ಟೆಗಳು ಜಾಲರಿಯ ಕೆಳಕ್ಕೆ ಬೀಳುತ್ತವೆ. ಜಾಲರಿ ಇಲ್ಲದಿದ್ದರೆ ಹೆತ್ತವರೇ ತಿಂದುಬಿಡುತ್ತಾರೆ.

ನಾನು ಒಂದು ಭ್ರೂಣವಿಜ್ಞಾನದ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ನಾವು ಸಾಕುವುದು ಜೀಬ್ರಾಮೀನು. ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಬಂದ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದುಕೊಂಡು ಹೋದ ಅದೇ ಬುಕಾನನ್. ಆಮೇಲೆ ಅಮೆರಿಕದ ಓರೆಗಾನಿನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಾಲಯದ ಪ್ರಾಣಿ ಮಾಡಿದ. ಕಾರಣ ಸರಳ: ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕ. 28.5 ಡಿಗ್ರಿಯಲ್ಲಿಟ್ಟರೆ ಸುಮಾರು ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ, ಆಮೇಲೆ ಕಾಲು ಗಂಟೆಗೊಮ್ಮೆ ನಾಲ್ಕು, ಎಂಟು, ಹದಿನಾರು. ಮರುದಿನ ಅದೇ ಹೊತ್ತಿಗೆ ಬಂದು ನೋಡಿದರೆ ಹೃದಯ ಬಡಿಯುತ್ತಿರುತ್ತದೆ. ನಾಲ್ಕು ವರ್ಷವಾಯಿತು, ಈಗಲೂ ಅದನ್ನು ನೋಡುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ.

ಉಳಿದದ್ದೆಲ್ಲ ತೊಳೆಯುವುದು, ಉಜ್ಜುವುದು, ಆರ್ಟೀಮಿಯಾ ಮರಿ ಮಾಡಿಸಿ ಮೀನಿಗೆ ಹಾಕುವುದು, ಸತ್ತು ಬೆಳ್ಳಗಾದ ಮೊಟ್ಟೆ ಹೆಕ್ಕುವುದು, ಚೀಟಿ ಅಂಟಿಸುವುದು. "ಮೀನು ಸಾಕೋಕೆ ಬಿಎಸ್ಸಿ ಓದ್ಬೇಕಾ ಮಗಾ?" ಎಂದು ಅಮ್ಮ ಮೊದಲ ತಿಂಗಳೇ ಕೇಳಿದ್ದಳು.

ತಪ್ಪಾದದ್ದು ಚೀಟಿಯಲ್ಲೇ. ಒಂದು ತೊಟ್ಟಿಯಲ್ಲಿ ಸಾಧಾರಣ ಮೀನು. ಪಕ್ಕದ್ದರಲ್ಲಿ, ಹೃದಯಕ್ಕೆ ಬೇಕಾದ ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಮೀನು. ನೋಡಲು ಎರಡೂ ಒಂದೇ. ಅಂಥ ಎರಡನ್ನು ಕೂಡಿಸಿದಾಗ ಮಾತ್ರ ಮರಿಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದರ ಹೃದಯ ಸರಿಯಾಗಿ ಬೆಳೆಯುವುದಿಲ್ಲ. ಒಂದು ಬೆಳಿಗ್ಗೆ ಆರು ಪೆಟ್ಟಿಗೆಗಳ ಚೀಟಿ ಒದ್ದೆಯಾಗಿ ಕಳಚಿ ಸಿಂಕಿನಲ್ಲಿ ಬಿದ್ದಿದ್ದವು. ಹನ್ನೆರಡು ಮೀನು. ಯಾವುದು ಯಾವ ತೊಟ್ಟಿಯದೆಂದು ಗೊತ್ತಿದೆ ಅಂದುಕೊಂಡೆ. ಗೊತ್ತಿರಲಿಲ್ಲ. ವಾಪಸು ಬಿಟ್ಟೆ.

ಮುಂದಿನ ವಾರ ಪಿಎಚ್‌ಡಿ ಹುಡುಗಿ ಸೂಕ್ಷ್ಮದರ್ಶಕದ ಮುಂದೆ ಕೂತು ಲೆಕ್ಕ ಹಾಕುತ್ತಿದ್ದಳು. "ಮರಿಗಳೆಲ್ಲ ಆರೋಗ್ಯವಾಗಿವೆ" ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ನೀರಿನ ಪಿಎಚ್ ನೋಡುವ ನೆಪದಲ್ಲಿ ಆಚೆ ಹೋದೆ. ಒಂಬತ್ತು ದಿನ ಬಾಯಿ ಬಿಡಲಿಲ್ಲ. ನನ್ನದು ವರ್ಷವರ್ಷಕ್ಕೆ ಮುಂದುವರಿಯುವ ಕೆಲಸ, ಮಾರ್ಚಿಗೆ ಮುಗಿಯುವುದಿತ್ತು.

ಶಿವರಾತ್ರಿಗೆಂದು ರಾತ್ರಿ ಬಸ್ಸಿನಲ್ಲಿ ಕಳಸಕ್ಕೆ ಹೋದೆ. ಕೊಟ್ಟಿಗೆಹಾರದ ಚಳಿ, ನಿದ್ದೆ ಬರಲಿಲ್ಲ. ಅಮ್ಮ ತೋಟದ ನರ್ಸರಿಯಲ್ಲಿದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಅವಳ ಕೆಲಸ ಅದೇ: ಮಡಿ ಮಾಡಿ, ಕಾಫಿಬೀಜವನ್ನು ಚಪ್ಪಟೆ ಮೈ ಕೆಳಗಾಗಿ ಊರಿ, ಹುಲ್ಲು ಹೊದಿಸಿ, ನೀರು ಹಾಕುತ್ತಾ ಕಾಯುವುದು. ಸುಮಾರು ನಲವತ್ತೈದು ದಿನಕ್ಕೆ ಕಡ್ಡಿಯಂಥ ಕಾಂಡ ಬೀಜವನ್ನೇ ತಲೆಯ ಮೇಲೆ ಹೊತ್ತುಕೊಂಡು ಮೇಲೇಳುತ್ತದೆ. ಅದಕ್ಕೆ ಟೋಪಿ ಎನ್ನುತ್ತಾರೆ. ಎಲೆ ಬಿಚ್ಚುವ ಮೊದಲೇ ಬೇರು ಮುರಿಯದಂತೆ ಎತ್ತಿ ಕೊಟ್ಟೆಗೆ ಹಾಕಬೇಕು. ಯಾವ ಸಸಿ ಇವತ್ತು, ಯಾವುದು ನಾಳಿದ್ದು ಎಂದು ಅಮ್ಮ ಒಂದು ನೋಟದಲ್ಲಿ ಹೇಳುತ್ತಾಳೆ. ನಮ್ಮ ಲ್ಯಾಬಿನ ಗೋಡೆಯ ಮೇಲೆ ಭ್ರೂಣದ ಹಂತಗಳ ದೊಡ್ಡ ಚಿತ್ರಪಟವಿದೆ. ಅವಳಿಗೆ ಅದೂ ಬೇಡ.

ಕೊಟ್ಟೆ ತುಂಬುತ್ತಾ ಮೀನಿನ ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಲೈನ್‌ಮನೆಗೆ ಹೋಗುವ ದಾರಿಯಲ್ಲಿ ಒಂದು ತಾಕಿನ ಮುಂದೆ ನಿಂತಳು. 795ರ ಎತ್ತರದ ಗಿಡಗಳ ಸಾಲಿನಲ್ಲಿ ಅಲ್ಲಲ್ಲಿ ಕುಳ್ಳು ಗಿಡ.

"ಇವು ಕಾವೇರಿ. ನೀನು ಮೂರನೇ ಕ್ಲಾಸಲ್ಲಿದ್ದಾಗ ಎರಡು ಮಡಿ ಸಸಿ ಬೆರಕೆ ಮಾಡ್ಬಿಟ್ಟೆ. ಟೋಪಿಲಿ ಎಲ್ಲ ಒಂದೇ ತರ ಅಲ್ವಾ. ಕೂಲಿ ಹಿಡಿತಾರೆ ಅಂತ ಹೇಳ್ಲಿಲ್ಲ. ಗಿಡ ದೊಡ್ಡದಾದ್ಮೇಲೆ ಗೊತ್ತಾಯ್ತು. ರೈಟ್ರು ಬೀಜ ಕೊಟ್ಟವರಿಗೆ ಬೈದ್ರು."

"ಆಮೇಲೆ?"

"ಆಮೇಲೇನು. ದಿನಾ ಇದೇ ದಾರೀಲಿ ಹೋಗ್ಬೇಕಲ್ಲ."

ಸೋಮವಾರ ದೀಪ ಹತ್ತುವ ಮೊದಲೇ ಹೋಗಿ ಮೇಡಂ ಕೋಣೆಯ ಹೊರಗೆ ಕೂತೆ. ಅವರು ಬೈದರು, ಸರಿಯಾಗಿಯೇ ಬೈದರು. ಆಮೇಲೆ ದಾರಿ ಹೇಳಿದರು: ಎರಡೂ ತೊಟ್ಟಿಯ 46 ಮೀನುಗಳಿಗೂ ಮತ್ತು ಬರಿಸಿ, ಬಾಲದ ರೆಕ್ಕೆಯ ತುದಿ ಚೂರು ಕತ್ತರಿಸಿ, ಡಿಎನ್ಎ ತೆಗೆದು ಒಂದೊಂದನ್ನೇ ಗುರುತಿಸಬೇಕು. ಆ ಹುಡುಗಿ ಎರಡು ದಿನ ನನ್ನ ಪಕ್ಕದಲ್ಲೇ ಕೂತು ಮಾತಿಲ್ಲದೆ ಕತ್ತರಿಸಿದಳು. ಮೂರನೇ ದಿನ, "ಚಾಯ್?" ಎಂದಳು. ಅವಳ ಎರಡು ತಿಂಗಳು ಹೋಗಿತ್ತು, ಅದೇನು ವಾಪಸು ಬರಲಿಲ್ಲ. ಮೀನುಗಳ ರೆಕ್ಕೆ ಮಾತ್ರ ಎರಡು ವಾರದಲ್ಲಿ ಮತ್ತೆ ಬೆಳೆದುಕೊಂಡಿತು.

ಕೆಲಸ ಮುಂದುವರಿಯಿತು. ಈಗ ಚೀಟಿಯ ಜೊತೆ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲೂ ಬರೆಯುತ್ತೇನೆ. ನೀರಿಗೆ ಅದು ಅಳಿಸುವುದಿಲ್ಲ.

ಇದನ್ನು ಬರೆಯಲೇ ಎಂದು ಮೊನ್ನೆ ಅಮ್ಮನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬರಿ. ತೋಟದ ಹೆಸರು ಮಾತ್ರ ಹಾಕ್ಬೇಡ."