ಕೆಮ್ಮಣ್ಣುಗುಂಡಿಯ ಬೆಳದಿಂಗಳ ತೋಟ

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಘಟ್ಟ ಹತ್ತುವಾಗ ಕಾಫಿ ತೋಟಗಳ ಮೇಲೆ ಮಂಜು ದಟ್ಟವಾಗಿತ್ತು. ರಾತ್ರಿ ಊಟ ಮುಗಿಸಿ ತೋಟಗಾರಿಕೆ ಇಲಾಖೆಯ ಅತಿಥಿಗೃಹದಿಂದ ಹೊರಬಂದರೆ ಮಂಜಿನ ಸುಳಿವೇ ಇಲ್ಲ, ಆಕಾಶ ತೊಳೆದಿಟ್ಟಂತಿದೆ. ಬೆಳಗಾದರೆ ಭೂಮಿ ಹುಣ್ಣಿಮೆ. ಚಂದ್ರ ಆಗಲೇ ಸಿಲ್ವರ್ ಓಕ್ ಮರಗಳ ತುದಿ ದಾಟಿದ್ದ.

‘ಟಾರ್ಚ್ ಆರಿಸಿ ಸಾರ್. ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳ್ಳಿ’ ಎಂದರು ಕಾವಲಿನ ಹಿರಿಯರು.

ಆರಿಸಿದೆ. ಮೊದಲು ಬರೀ ಕತ್ತಲೆ. ಆಮೇಲೆ ಮೆಟ್ಟಿಲ ಅಂಚು, ಹುಲ್ಲುಹಾಸು, ಕತ್ತರಿಸಿದ ಗಿಡಗಳ ಸಾಲು ಒಂದೊಂದಾಗಿ ಕಾಣತೊಡಗಿದವು. ಗುಲಾಬಿ ಪಾತಿಯ ಬಳಿ ಬಗ್ಗಿ ನೋಡಿದೆ. ಹಗಲಲ್ಲಿ ಕಣ್ಣು ಕುಕ್ಕಿದ್ದ ಕೆಂಪು ಹೂವು ಕಪ್ಪಾಗಿ ಎಲೆಗಳ ನಡುವೆ ಕಳೆದುಹೋಗಿತ್ತು. ಪಕ್ಕದ ಬಿಳಿ ಹೂವು ಮಾತ್ರ ಎಸಳೆಸಳೂ ಎಣಿಸುವಷ್ಟು ಸ್ಪಷ್ಟ. ಅಂಚಿನ ಮಡಿಕೆಯಲ್ಲಿ ನಿಂತ ಇಬ್ಬನಿಯೂ ಕಾಣುತ್ತಿತ್ತು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಕೆಂಪು ಮೊದಲು ಮಾಸುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ್ದು ಹೂಗಳನ್ನು ನೋಡುತ್ತಲೇ.

ಬೆಳದಿಂಗಳಲ್ಲಿ ತೋಟ ನೋಡುವುದನ್ನು ಕಲೆಯಾಗಿಸಿಕೊಂಡವರು ಜಪಾನಿಗರು. ಕ್ಯೋಟೋದ ಕತ್ಸುರಾ ಅರಮನೆಯಲ್ಲಿ ಚಂದ್ರನನ್ನು ನೋಡುವುದಕ್ಕೆಂದೇ 17ನೇ ಶತಮಾನದಲ್ಲಿ ಕೊಳದತ್ತ ಚಾಚಿದ ಬಿದಿರಿನ ಜಗಲಿ ಕಟ್ಟಿದರು. ಈಗ ಅದೇ ಊರಿನ ಕೊದೈಜಿ ದೇವಾಲಯದ ತೋಟಕ್ಕೆ ವಸಂತದಲ್ಲೂ ಶರತ್ಕಾಲದಲ್ಲೂ ರಾತ್ರಿ ದೀಪ ಹಾಕುತ್ತಾರೆ. ಬೆಳಗಿದ ಮೇಪಲ್ ಮರಗಳು ಕೊಳದ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ದೂರದ ಬೆಟ್ಟವನ್ನು ತೋಟಕ್ಕೆ ಎರವಲು ಪಡೆಯುವ ಜಾಣ್ಮೆಯೂ ಅವರಿಗಿದೆ. ಎಂತ್ಸೂಜಿ ದೇವಾಲಯದ ಬೇಲಿಯಾಚೆ ಕಾಣುವ ಹಿಯೇ ಬೆಟ್ಟ ಆ ತೋಟದ್ದೇ ಭಾಗ.

ನಮ್ಮ ಬೆಟ್ಟದ ಎರವಲು ಇನ್ನೂ ದೊಡ್ಡದು. 1,434 ಮೀಟರ್ ಎತ್ತರದ ಈ ಜಾಗವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ಬಿಡಾರಕ್ಕೆ ಆರಿಸಿಕೊಂಡಿದ್ದರು. ರಾಜಭವನದ ಎದುರು ನಿಂತೆ. ಒಂದು ಕಡೆ ಬಾಬಾಬುಡನ್ ಸಾಲು ಬೂದು ನೀಲಿಯಾಗಿ ಮಲಗಿತ್ತು. ಇನ್ನೊಂದು ಕಡೆ ಕಾಲಬುಡದಲ್ಲೇ ಕಣಿವೆ, ಅದರಾಚೆ ಬಯಲು, ಬಯಲ ತುಂಬ ಊರುಗಳ ದೀಪ.

‘ಇವತ್ತು ಅಲ್ಲಿ ಹೆಂಗಸರು ಮಲಗಲ್ಲ ಸಾರ್’ ಎಂದರು ಹಿರಿಯರು. ಹೊಡೆ ತುಂಬಿದ ಪೈರು ಬಸುರಿ. ಭೂಮಿತಾಯಿಗೆ ಬಯಕೆಯೂಟ ಬಡಿಸಬೇಕು. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಅದನ್ನು ಚರಗವಾಗಿ ಚೆಲ್ಲಬೇಕು. ಅಷ್ಟು ದೂರದ ಅಡುಗೆಮನೆಗಳ ಬೆಳಕೂ ಈ ತೋಟದ ಪಾಲಿಗೆ ಸೇರಿದೆಯಲ್ಲ ಎಂದು ಮೈ ಜುಮ್ಮೆಂದಿತು. ಎಷ್ಟೋ ಹೊತ್ತು ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಕೃಷ್ಣರಾಜಸಾಗರದ ಬೃಂದಾವನಕ್ಕೆ ಬಣ್ಣದ ದೀಪಗಳು ಒಪ್ಪುತ್ತವೆ, ಅಲ್ಲಿಯ ಕಾರಂಜಿಗಳಿಗೆ ಅವು ಬೇಕು. ಕೆಮ್ಮಣ್ಣುಗುಂಡಿಗೆ ಮಾತ್ರ ಎಂದೂ ಬೇಡ. ಹುಣ್ಣಿಮೆ ನೋಡಿಕೊಂಡು ಕೋಣೆ ಕಾದಿರಿಸಿ, ಸ್ವೆಟರ್ ಮರೆಯಬೇಡಿ. ಹೊರಗೆ ಬಂದ ಮೇಲೆ ಮೊಬೈಲನ್ನು ಜೇಬಿಗೆ ಹಾಕಿ ಇಪ್ಪತ್ತು ನಿಮಿಷ ಕಾಯಿರಿ. ಕಣ್ಣು ಕತ್ತಲೆಗೆ ಒಗ್ಗಲು ಅಷ್ಟಾದರೂ ಹೊತ್ತು ಬೇಕು.