ಗ್ರಾಫಿಕ್ಸ್ ಕಾರ್ಡಿನ ಸಾಲಾವಳಿ

ಮನೆಗೆ ಸೊಸೆಯನ್ನು ತರುವಾಗ ಸಾಲಾವಳಿ ನೋಡುವ ನಮ್ಮ ಗೃಹಸ್ಥರು ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡನ್ನು ತರುವಾಗ ಮಾತ್ರ ಹೆಸರನ್ನೂ ಬೆಲೆಯನ್ನೂ ನೋಡಿ ತೃಪ್ತರಾಗುವರು. ಕಾರ್ಡೆಂಬುದು ಒಂಟಿಯಾಗಿ ಬಾಳುವ ವಸ್ತುವಲ್ಲ.

ನಮ್ಮ ಮನೆಯ ಕಂಪ್ಯೂಟರು 2017ರಲ್ಲಿ ಕೊಂಡದ್ದು. ವಾಸ್ತುಶಿಲ್ಪವನ್ನು ಓದುತ್ತಿರುವ ಮಗಳ ಕಟ್ಟಡಗಳ ಚಿತ್ರಗಳಿಗೆ ಅದರ ಶಕ್ತಿ ಸಾಲದಾಯಿತು. ಹೊಸ ಯಂತ್ರವನ್ನೇ ಕೊಳ್ಳುವ ಅನುಕೂಲ ನಮಗಿರಲಿಲ್ಲ. ಆದುದರಿಂದ ಕಾರ್ಡೊಂದನ್ನೇ ಬದಲಿಸುವುದೆಂದು ನಿಶ್ಚಯಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಕ್ಯಾಬಿನೆಟ್ಟಿನ ಬದಿಯ ತಗಡನ್ನು ಬಿಚ್ಚಿ, ಅಳತೆಪಟ್ಟಿ ಹಿಡಿದು ಕುಳಿತೆವು. ಮನಸ್ಸಿನಲ್ಲಿದ್ದುದು 2021ರಲ್ಲಿ ಬಂದ ಎನ್ವಿಡಿಯಾದವರ ಆರ್‌ಟಿಎಕ್ಸ್ 3060. ಉದ್ದಕ್ಕೆ ಸ್ಥಳವಿತ್ತು. ಮದರ್‌ಬೋರ್ಡಿನ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್ 3.0 ತಲೆಮಾರಿನದು, ಕಾರ್ಡು 4.0ರದು, ಹೊಂದಿಕೆಗೆ ಅಡ್ಡಿಯಿಲ್ಲ, ಲೇವಾದೇವಿ ಸ್ಲಾಟಿನ ವೇಗಕ್ಕೆ ತಗ್ಗುವುದು, ಅಷ್ಟೆ.

ತೊಡಕೆಲ್ಲ ವಿದ್ಯುತ್ತಿನದು. ಸ್ಲಾಟಿನಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಈ ಕಾರ್ಡು ಬೇಡುವುದು 170. ಉಳಿದುದನ್ನು ಪವರ್ ಸಪ್ಲೈಯಿಂದ 8 ಪಿನ್ನಿನ ತಂತಿಯೊಂದು ತರಬೇಕು. ಅದರ ಮಿತಿ 150. ಇಡೀ ಯಂತ್ರಕ್ಕೆ 550 ವ್ಯಾಟಿನ ಸಪ್ಲೈ ಇರಲೆಂದು ತಯಾರಕರ ಸಲಹೆ, ನಮ್ಮದು 450. "ಹಳೇದರಲ್ಲೇ ನಡೆಯುತ್ತೆ ಸ್ವಾಮಿ" ಎಂಬ ಅಭಯವೇನೋ ಅಂಗಡಿಯಲ್ಲಿ ದೊರೆಯಿತು. ಅಭಯಕ್ಕೆ ವಾರಂಟಿಯಿಲ್ಲವಷ್ಟೆ! ಹೊಸ ಸಪ್ಲೈಯ ಖರ್ಚೂ ಮೇಲೆ ಬಿದ್ದಿತು.

ಅದನ್ನು ಕೂಡಿಸುವ ದಿನ ನಮ್ಮ ಭಾವಮೈದುನನು, "ಭಾವ, ಹಳೆ ವೈರುಗಳು ಅಂದವಾಗಿ ಕಟ್ಟಿವೆ, ಹಾಗೇ ಇರಲಿ, ಸಪ್ಲೈ ಒಂದನ್ನ ಬದಲಿಸಿದರಾಯ್ತು" ಎಂದನು. ಎರಡೂ ಸಪ್ಲೈಗಳು ತಂತಿಗಳನ್ನು ಬಿಚ್ಚಿ ಜೋಡಿಸಬಹುದಾದಂಥವು. ಕರೆಂಟು ಹಾಕದೆ ನೋಡಿದರೆ ಹಳೆಯ ತಂತಿಯ ತುದಿ ಹೊಸದರಲ್ಲಿ ಸಲೀಸಾಗಿ ಕುಳಿತೂ ಕುಳಿತಿತು. ಅಪಾಯವಿರುವುದು ಅಲ್ಲಿಯೇ. ಸಪ್ಲೈಯ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಎಂಬುದಕ್ಕೆ ಎಲ್ಲ ತಯಾರಕರಿಗೂ ಸಮಾನವಾದ ನಿಯಮವಿಲ್ಲ. ಒಬ್ಬನೇ ತಯಾರಕನ ಎರಡು ಮಾದರಿಗಳೂ ಬೇರೆಯಾಗಿರಬಹುದು. 5 ವೋಲ್ಟ್ ಬರಬೇಕಾದ ಕಡೆ 12 ಬಂದರೆ ಹಾರ್ಡ್ ಡಿಸ್ಕು ಕ್ಷಣದಲ್ಲಿ ಸುಟ್ಟುಹೋದೀತು. ನಮ್ಮ ಡಿಸ್ಕಿನಲ್ಲಿ ಗತಿಸಿದ ತಾಯಿಯವರು ಹೇಳಿದ ಹಸೆಹಾಡುಗಳಿವೆ. ಕಾರ್ಡು ಹೋದರೆ ಎಂದಾದರೂ ಮತ್ತೊಂದನ್ನು ತಂದೇವು.

ಹಾಡುಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡ ಮೇಲೆಯೇ ಕೆಲಸಕ್ಕೆ ಕೈಹಚ್ಚಿದೆವು. ಹೊಸ ಸಪ್ಲೈಯೊಡನೆ ಬಂದ ತಂತಿಗಳನ್ನು ಒಂದೊಂದಾಗಿ ಎಳೆಯಲು ಮೂರು ಗಂಟೆ ಹಿಡಿಯಿತು. ಮಗಳು ಎರಡು ಬಾರಿ ಕಾಫಿ ತಂದಳು. ಹಳೆಯ ತಂತಿಗಳನ್ನು ಹಳೆಯ ಸಪ್ಲೈಯೊಡನೆಯೇ ಗಂಟು ಕಟ್ಟಿ ಅಟ್ಟಕ್ಕೆ ಸೇರಿಸಿದೆವು.