ತಂಗಿಗೆ, ಉಪದೇಶಿಯಾಗೆಂದು

ಪ್ರೀತಿಯ ತಂಗಿ,

ನಿನ್ನ ಕಾಗದ ಓದಿದೆ. ಊರಿನ ಮಕ್ಕಳಿಗೆ ಉಪದೇಶಿಯಾಗಿ ನಿಲ್ಲುತ್ತೀಯಾ ಎಂದು ಚರ್ಚಿನ ಸ್ವಾಮಿಗಳು ನಿನ್ನನ್ನೇ ಕೇಳಿದ್ದಾರೆ. ನೀನೋ, ‘ರಾಮನಗರದ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವವಳು, ಹತ್ತನೇ ಕ್ಲಾಸೂ ಮುಗಿಸದವಳು, ನನ್ನ ಮಾತು ಯಾರು ಕೇಳುತ್ತಾರಕ್ಕಾ?’ ಎಂದು ಅಳುಕುತ್ತಿದ್ದೀಯ.

ದೇವರು ಕರೆದವರಲ್ಲಿ ಹೀಗೆ ಅಳುಕದವರು ಕಡಿಮೆ ಕಣೇ. ಮೋಶೆ ತನಗೆ ಮಾತು ಬಾರದೆಂದ. ಗಿದ್ಯೋನ ತನ್ನ ಮನೆತನವೇ ಎಲ್ಲರಿಗಿಂತ ಕೀಳು, ಮನೆಯಲ್ಲಿ ತಾನೇ ಕಿರಿಯ ಎಂದ. ಜೆಸ್ಸೆಯನ ಏಳು ಮಕ್ಕಳು ಪ್ರವಾದಿ ಸಮುವೇಲನ ಮುಂದೆ ಹಾದುಹೋದಾಗ, ಕುರಿ ಕಾಯುತ್ತಿದ್ದ ಕಿರಿಯವನನ್ನು ಕರೆಸಬೇಕೆಂದು ಹೆತ್ತ ತಂದೆಗೇ ತೋಚಲಿಲ್ಲ. ರಾಜನಾದದ್ದು ಆ ದಾವೀದನೇ.

ಪೇತ್ರನನ್ನು ನೋಡು. ಮೀನು ಹಿಡಿಯುವವನು, ಮೂರು ಸಲ ಯೇಸುಸ್ವಾಮಿಯನ್ನು ಅರಿಯೆನೆಂದವನು. ಆದರೂ ಯೇಸುಸ್ವಾಮಿ ಅವನ ಕೈಗೇ ತಮ್ಮ ಮಂದೆಯನ್ನು ಒಪ್ಪಿಸಿದರು. ಪುನರುತ್ಥಾನದ ಸುದ್ದಿ ಶಿಷ್ಯರಿಗೆ ಮುಟ್ಟಿಸಿದ್ದು ಮಗ್ದಲದ ಮರಿಯ. ಹೆಂಗಸರ ಸಾಕ್ಷಿಗೆ ಹೆಚ್ಚು ಬೆಲೆ ಇಲ್ಲದ ಕಾಲದಲ್ಲಿ! ಶಿಷ್ಯರೂ ಮೊದಲು ನಂಬಲಿಲ್ಲ. ಆದರೂ ಸುದ್ದಿ ಸುಳ್ಳಾಗಲಿಲ್ಲ.

ಓದು ತಲೆಗೆ ಹತ್ತದೆಂದು ಕೊರಗುತ್ತೀಯಲ್ಲ, ಸಂತ ಜಾನ್ ಮರಿಯ ವಿಯಾನ್ನಿಗೂ ಲ್ಯಾಟಿನ್ ಹತ್ತಲಿಲ್ಲ. ಹೇಗೋ 1815ರಲ್ಲಿ ಗುರುದೀಕ್ಷೆಯಾಯಿತು, 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಪುಟ್ಟ ಹಳ್ಳಿಗೆ ಹೋದರು. ಆಮೇಲೆ ಅವರ ಬಳಿ ಪಾಪನಿವೇದನೆ ಮಾಡಲು ದೂರದೂರದಿಂದ ಜನ ಸಾಲುಗಟ್ಟಿದರು. ಇಂದು ಅವರು ಧರ್ಮಕೇಂದ್ರದ ಗುರುಗಳಿಗೆಲ್ಲ ಪಾಲಕ ಸಂತ.

ದೇವರು ಸಾಮಾನ್ಯರನ್ನೇ ಆರಿಸುತ್ತಾನೆಂದು ನಮ್ಮ ಕಡೆಯ ಚರಿತ್ರೆಯೂ ಹೇಳುತ್ತದೆ. 1649ರಲ್ಲಿ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಹಳ್ಳಿಗಳಿಗೆ ಗುರುಗಳು ಬರುವುದು ಅಪರೂಪವಾಯಿತು. ಅಂಥ ಕಾಲದಲ್ಲಿ ಮಕ್ಕಳಿಗೆ ಜಪ ಕಲಿಸಿ ವಿಶ್ವಾಸ ಉಳಿಸಿದವರು ಉಪದೇಶಿಗಳು, ಮನೆಯ ಹಿರಿಯರು. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೇ ತಗೋ. ಬೇಸಾಯದ ಮನೆಗಳಿಂದ ಎಷ್ಟೊಂದು ಸ್ವಾಮಿಗಳು, ಸಿಸ್ಟರುಗಳು ಹೊರಟರು! ನೂರು ವರ್ಷ ದಾಟಿದ ಯೇಸುವಿನ ಪಾಡಿನ ನಾಟಕದಲ್ಲಿ ಪಾತ್ರ ಮಾಡುವವರೂ ಆ ಊರಿನವರೇ.

ಇನ್ನು, ‘ಹೆಂಗಸರಿಗೇಕೆ ಈ ಕೆಲಸ’ ಅನ್ನುವವರಿಗೆ ನೀನು ಹೆದರಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿ, ಗಂಡಸರಿಗೂ ಹೆಂಗಸರಿಗೂ ತೆರೆದಿಟ್ಟರು.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ದೇವರು ಆರಿಸಿದ್ದು ನಿನ್ನನ್ನು ಮೇಲೆ ಕೂರಿಸಲಿಕ್ಕಲ್ಲ, ಆ ಮಕ್ಕಳಿಗಾಗಿ. ದಾವೀದನೂ ಸಿಂಹಾಸನ ಏರಿದ ಮೇಲೆ ಇದನ್ನು ಮರೆತು ಎಡವಿದ. ಆದ್ದರಿಂದ ಪ್ರತಿವಾರ ಪಾಠಕ್ಕೆ ಮೊದಲು ನೀನೇ ಓದಿಕೋ, ಗೊತ್ತಿಲ್ಲದ್ದನ್ನು ಸ್ವಾಮಿಗಳನ್ನು ಕೇಳು, ಹಿಂದೆ ಕೂರುವ ಮಗುವನ್ನು ಮೊದಲು ಮಾತಾಡಿಸು.

ಯೋಗ್ಯತೆ ಬರಲಿ, ಆಮೇಲೆ ಒಪ್ಪುತ್ತೇನೆ ಎಂದು ಕಾಯಬೇಡ. ಒಪ್ಪಿಕೊಂಡವರಿಗೆ ಬೇಕಾದ್ದನ್ನು ದೇವರು ದಾರಿಯಲ್ಲೇ ಕೊಡುತ್ತಾನೆ. ಬರುವ ಭಾನುವಾರ ಪೂಜೆ ಮುಗಿದ ಕೂಡಲೇ ಸ್ವಾಮಿಗಳ ಬಳಿ ಹೋಗಿ, ‘ಆಗಲಿ ಸ್ವಾಮಿ’ ಎಂದು ಹೇಳಿಬಿಡು.

ನಿನ್ನ ಅಕ್ಕ